ಲೀಟರಿಗೆ ಹದಿನೆಂಟು

ಹನ್ನೊಂದು ಎಂದು ಬರೆದರೆ? ಹನ್ನೊಂದು ತೀರಾ ದೊಡ್ಡ ಸುಳ್ಳೇನಲ್ಲ, ಒಂಬತ್ತಕ್ಕೆ ಎರಡು ಸೇರಿಸಿದಂತೆ ಅಷ್ಟೆ. ಆದರೆ ಒಂಬತ್ತನ್ನು ಕ್ಷಮಿಸದ ಮನುಷ್ಯ ಹನ್ನೊಂದನ್ನು ಮಾತ್ರ ಕ್ಷಮಿಸಿಯಾರೇ? ಸುಳ್ಳೇ ಬರೆಯುವುದಾದರೆ ಹದಿನೆಂಟು ಬರೆಯಬೇಕು. ಹದಿನೆಂಟು ಬರೆಯುವಷ್ಟು ಧೈರ್ಯವಿದ್ದರೆ ನಿಜ ಹೇಳುವುದಕ್ಕೂ ಧೈರ್ಯ ಇರುತ್ತಿತ್ತು. ಅಥವಾ ತಪ್ಪು ಕಾರಿನದಲ್ಲದೆ ತನ್ನ ಬಲಗಾಲಿನದೇ ಆಗಿದ್ದರೆ?

ಮನೆ ಮುಂದೆ ನಿಂತ ಕಾರಿನಲ್ಲಿ ಕೂತು, ಸ್ಟಿಯರಿಂಗ್ ಮೇಲೆ ಮಾವನ ಪೆಟ್ರೋಲ್ ಲೆಕ್ಕದ ಪುಸ್ತಕ ಬಿಡಿಸಿಟ್ಟುಕೊಂಡು, ಅವನು ತನ್ನ ಬಲಗಾಲನ್ನು ಅನುಮಾನದಿಂದ ನೋಡಿದ.

ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸ ಅವನದು. ಬೇರೆಯವರ ತಪ್ಪಿನ ಕೆಳಗೆ ಕೆಂಪು ಗೆರೆ ಎಳೆಯುತ್ತ ಹದಿನಾಲ್ಕು ವರ್ಷ ಕಳೆದಿದ್ದ. ಆದರೆ ಬಾಯಿಬಿಟ್ಟು ಒಬ್ಬರಿಗೂ ‘ಇದು ತಪ್ಪು’ ಎಂದವನಲ್ಲ. ಮಾತು ಬರಬೇಕಾದ ಜಾಗಕ್ಕೆ ಸರಿಯಾಗಿ ಬಂದು ಸುಮ್ಮನೆ ನಿಂತುಬಿಡುತ್ತಿದ್ದ. ಅದಕ್ಕೇ ಅಲ್ಲಿನವರು ಅವನಿಗೆ ‘ಅಲ್ಪವಿರಾಮ’ ಎಂದು ಹೆಸರಿಟ್ಟಿದ್ದರು. ಆ ಹೆಸರು ಸರಿಯಲ್ಲವೆಂದು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದ. ತೆರೆದು, ನಿಂತಿದ್ದ.

ಕಾರು ಮಾವನದು. ಮಾವ ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರು. ಮೂವತ್ತು ವರ್ಷ ಅಂಗಡಿಗಳ ಸರಿಯಾದ ತಕ್ಕಡಿಗೆ ಸರ್ಕಾರಿ ಮುದ್ರೆ ಒತ್ತಿ, ಸುಳ್ಳು ತಕ್ಕಡಿ ಮುಟ್ಟುಗೋಲು ಹಾಕಿಕೊಂಡವರು, ನಿವೃತ್ತಿಯ ನಂತರ ಮುಟ್ಟುಗೋಲಿಗೆ ಬೇರೇನೂ ಸಿಗದೆ ಮನೆಯವರ ನೆಮ್ಮದಿಯ ಮೇಲೆ ಕೈ ಇಟ್ಟಿದ್ದರು. ಹನ್ನೊಂದು ವರ್ಷದಲ್ಲಿ ಆ ಕಾರು ಕುಡಿದ ಪ್ರತಿ ಲೀಟರ್, ಓಡಿದ ಪ್ರತಿ ಕಿಲೋಮೀಟರ್ ಪುಸ್ತಕದಲ್ಲಿತ್ತು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಕೊನೆಯ ಅಂಕಣ ಒಂದೇ ರಾಗ ಹಾಡುತ್ತಿತ್ತು: ಹದಿನೆಂಟು. ಹದಿನೇಳೂ ಮುಕ್ಕಾಲು. ಹದಿನೆಂಟೂ ಕಾಲು. ಮತ್ತೆ ಹದಿನೆಂಟು.

ಆರು ವಾರದ ಹಿಂದೆ ಅತ್ತೆ ಹಟ ಹಿಡಿದು ಕಾರನ್ನು ಈ ಮನೆಗೆ ಕೊಡಿಸಿದ್ದರು. ಮಗಳು ಬೆಳಿಗ್ಗೆ ಆರೂವರೆಗೆಲ್ಲ ಆಸ್ಪತ್ರೆಯ ಲ್ಯಾಬಿನಲ್ಲಿರಬೇಕು, ಕತ್ತಲಲ್ಲಿ ಎರಡು ಬಸ್ಸು ಬದಲಾಯಿಸುತ್ತಾಳೆ ಎಂಬುದು ಅವರ ವಾದ. ಮಾವ ಕಾರನ್ನು ದತ್ತು ಕೊಡುವವರ ಮುಖ ಮಾಡಿಕೊಂಡು ಕೊಟ್ಟರು. ಜೊತೆಗೊಂದು ಷರತ್ತು. ಪುಸ್ತಕ ಬರೆಯಬೇಕು, ಆರು ವಾರಕ್ಕೆ ತಪಾಸಣೆ, ಹದಿನೈದಕ್ಕಿಂತ ಕಡಿಮೆ ಬಂದರೆ ಕಾರು ದೊಡ್ಡ ಅಳಿಯನಿಗೆ. ದೊಡ್ಡ ಅಳಿಯನಿಗೆ ಯಂತ್ರಗಳ ಬೆಲೆ ಗೊತ್ತೆಂದು ಮಾವನ ನಂಬಿಕೆ. ಅವನ ಮನೆಯಲ್ಲಿ ಮಿಕ್ಸಿಗೆ ಬಟ್ಟೆ ಹೊದಿಸಿಡುತ್ತಾರೆ ಎಂಬುದು ಆ ನಂಬಿಕೆಗೆ ಆಧಾರ.

ತಪಾಸಣೆ ಇವತ್ತು. ಸಂಜೆ ಐದರ ಬಸ್ಸಿಗೆ ಅತ್ತೆ ಮಾವ ಬರುತ್ತಾರೆ. ಪುಸ್ತಕದಲ್ಲಿ ಅವನ ಅಂಕಣ ಹೀಗಿತ್ತು: ಒಂಬತ್ತು. ಎಂಟೂ ಮುಕ್ಕಾಲು. ಒಂಬತ್ತೂ ಕಾಲು. ಮತ್ತೆರಡು ಸಲ ಒಂಬತ್ತು. ಇವತ್ತಿನ ಸಾಲು ಇನ್ನೂ ಖಾಲಿ.

ಬೆಳಿಗ್ಗೆ ಆಸ್ಪತ್ರೆಯ ಗೇಟಿನಲ್ಲಿ ಇಳಿಯುವಾಗ ಹೆಂಡತಿ ಹೇಳಿದ್ದಳು, “ನೋಡ್ರೀ, ಆ ಎರಡು ಬಸ್ಸಿಗೆ ನಾನು ವಾಪಸ್ ಹೋಗಲ್ಲ. ಅಪ್ಪ ಏನಾದ್ರೂ ಅಂದ್ರೆ ಇವತ್ತಾದ್ರೂ ಬಾಯಿ ಬಿಡಿ.”

“ಏನಂತ ಬಿಡಲಿ?”

“ಅದನ್ನೂ ನಾನೇ ಬರೆದುಕೊಡಬೇಕಾ? ನೀವು ತಿದ್ದಿ ಕೊಡ್ತೀರಾ?”

ವಾಪಸಾಗುವಾಗ, ಇಷ್ಟು ಸಾಲದೆಂಬಂತೆ, ಮೀಟರಿನ ಪಕ್ಕದಲ್ಲಿ ಇಂಜಿನ್ ಆಕಾರದ ಪುಟ್ಟ ಹಳದಿ ದೀಪ ಹೊತ್ತಿಕೊಂಡಿತ್ತು. ಮನೆ ತಲುಪಿದರೂ ಆರಿರಲಿಲ್ಲ. ಕೆಟ್ಟ ವಿದ್ಯಾರ್ಥಿಯನ್ನು ನೋಡುವ ಮೇಷ್ಟರ ಕಣ್ಣಿನ ಹಾಗೆ ಅದು ಅವನನ್ನೇ ನೋಡುತ್ತಿತ್ತು.

“ಏನಿದು, ಬೆಳಿಗ್ಗೆ ಬೆಳಿಗ್ಗೆ ಗಾಡಿಯೊಳಗೆ ಧ್ಯಾನ?”

ಕಿಟಕಿಯಲ್ಲಿ ಪಕ್ಕದ ಮನೆಯ ಪಶುವೈದ್ಯರ ಮುಖ. ಮಾತು ಬಾರದ ಜೀವಗಳ ಡಾಕ್ಟರಾದ್ದರಿಂದ ಅವರಿಗೆ ಅಲ್ಪವಿರಾಮನ ಮೇಲೆ ಮೊದಲಿನಿಂದಲೂ ಒಂದು ವೃತ್ತಿಪರ ಅಕ್ಕರೆ. ಅವನು ದೀಪ ತೋರಿಸಿದ. ಡಾಕ್ಟರು ಮುಂದೆ ಹೋಗಿ ಬಾನೆಟ್ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು.

“ತಿನ್ನೋದು ಹೇಗಿದೆ?”

“ಜಾಸ್ತಿ.”

“ಓಡಾಟ?”

“ಕಡಿಮೆ. ಲೀಟರಿಗೆ ಒಂಬತ್ತು.”

“ಹಾಗಾದ್ರೆ ಎರಡರಲ್ಲೊಂದು, ಇವರೇ. ಹೊಟ್ಟೇಲಿ ಹುಳ, ಇಲ್ಲಾ ಬೆನ್ನ ಮೇಲೆ ಭಾರ. ಹುಳದ ಔಷಧಿ ಇದಕ್ಕೆ ನಡೆಯಲ್ಲ.” ನಡೆಯುವುದಿಲ್ಲವೆಂಬುದು ಅವರಿಗೆ ಬೇಸರದ ಸಂಗತಿಯಾಗಿತ್ತು. “ಭಾರ ಇಳಿಸೋಣ.”

ಡಾಕ್ಟರು ತೋಳು ಮಡಚಿದರು. ಡಿಕ್ಕಿಯಿಂದ ಸ್ಟೆಪ್ನಿ ಇಳಿಯಿತು, ಜಾಕು ಇಳಿಯಿತು, ಕಾಲ್ಚಾಪೆಗಳು ಇಳಿದವು. ಆಮೇಲೆ ಅವರು ಹಿಂದಿನ ಬಾಗಿಲು ತೆರೆದು ಒಳಗೆ ತಲೆ ಹಾಕಿದರು.

“ಹಿಂದಿನ ಸೀಟಲ್ಲಿ ಯಾರು ಕೂರ್ತಾರೆ?”

“ಯಾರೂ ಇಲ್ಲ. ಆದರೆ ಇವತ್ತು ಸಂಜೆ…” ಎಂದು ಅವನು ನಿಂತ.

ಅವನು ನಿಂತ ಆ ಅಷ್ಟೇ ಹೊತ್ತಿನಲ್ಲಿ ಡಾಕ್ಟರು ಎರಡು ಬೋಲ್ಟು ಬಿಚ್ಚಿದ್ದರು. ‘ಅತ್ತೆ ಮಾವ ಬರುತ್ತಾರೆ’ ಎಂಬ ಮಾತು ಅವನ ಗಂಟಲಿಗೆ ಬರುವ ವೇಳೆಗೆ ಸೀಟು ಅವನ ಮನೆಯ ಜಗಲಿಯಲ್ಲಿತ್ತು, ಡಾಕ್ಟರು ಅದರ ಮೇಲಿದ್ದರು.

“ಚೆನ್ನಾಗಿದೆ ಸೀಟು,” ಎಂದು ಒಮ್ಮೆ ಕುಪ್ಪಳಿಸಿ ನೋಡಿದರು. “ಸಾಯಂಕಾಲ ಬಂದು ಹೇಗಿದೆ ಅಂತ ಹೇಳಿ.”

ಶನಿವಾರವಾದ್ದರಿಂದ ಮುದ್ರಣಾಲಯ ಅರ್ಧ ದಿನ. ಅರ್ಧ ದಿನದಲ್ಲಿ ಅಲ್ಲಿ ಕೆಲಸ ಕಾಲು ಭಾಗ ನಡೆಯುತ್ತದೆ, ಉಳಿದದ್ದು ಪರಸ್ಪರರ ಕಷ್ಟ ವಿಚಾರಣೆಗೆ ಮೀಸಲು. ಅಲ್ಪವಿರಾಮನ ಕಷ್ಟ ಅವತ್ತು ಹತ್ತೂಕಾಲಕ್ಕೇ ಎಲ್ಲರ ಕೈಗೆ ಸಿಕ್ಕಿತು. ಮಷೀನ್‌ಮ್ಯಾನ್ ತನ್ನ ಚೀಲದಿಂದ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಉಪಕರಣ ತೆಗೆದ. ಅದನ್ನು ಸ್ಟಿಯರಿಂಗ್ ಕೆಳಗಿನ ಕಿಂಡಿಗೆ ಸಿಕ್ಕಿಸಿದರೆ ಕಾರಿನ ರೋಗ ಫೋನಿನಲ್ಲಿ ಕಾಣುತ್ತದಂತೆ.

“ಕಾರಿಗೂ ಬಾಯಿ ಇರುತ್ತೆ ಅಲ್ಪವಿರಾಮದವರೇ. ಅದು ನಿಮ್ಮ ಹಾಗಲ್ಲ, ಕೇಳಿದ್ರೆ ಹೇಳುತ್ತೆ.”

ಕಾರು ಹೇಳಿತು. ಪಿ ಸೊನ್ನೆ ನಾಲ್ಕು ಐದು ಐದು. ಅಷ್ಟು ಹೇಳಿ ಅದೂ ನಿಂತುಬಿಟ್ಟಿತು. ಅದರ ಅರ್ಥ ತಿಳಿಯಬೇಕಾದರೆ ಹಣ ಕಟ್ಟಿ ಚಂದಾದಾರರಾಗಬೇಕಿತ್ತು, ಮಷೀನ್‌ಮ್ಯಾನ್ ಆಗಿರಲಿಲ್ಲ. ಬೈಂಡಿಂಗ್ ವಿಭಾಗದ ಅಕ್ಕ ಕೈಗಂಟಿದ ಗೋಂದನ್ನು ಸೆರಗಿಗೆ ಒರೆಸಿಕೊಂಡು ತಮ್ಮ ಫೋನಿನಲ್ಲಿ ಹುಡುಕಿದರು.

“ಇಂಧನದ ಆವಿ ಹೋಗೋ ದಾರೀಲಿ ದೊಡ್ಡ ಸೋರಿಕೆ ಅಂತಿದೆ. ಒಂಬತ್ತು ಕಾರಣ ಕೊಟ್ಟಿದಾರೆ. ಮೊದಲನೇದು…”

“ಮೊದಲನೇದು ಬಿಡಿ ಅಕ್ಕ. ಮೊದಲನೇದು ಯಾವಾಗ್ಲೂ ಸುಲಭದ್ದು ಇರುತ್ತೆ, ನಮ್ಮಂಥೋರಿಗಲ್ಲ. ಕೊನೇದು ಓದಿ.”

“ಕೊನೇದು ಅರ್ಥ ಆಗ್ತಿಲ್ಲ.”

“ನೋಡಿದ್ರಾ, ಅದೇ ಇರಬೇಕು.”

‘ದೊಡ್ಡ ಸೋರಿಕೆ’ ಎಂಬ ಎರಡು ಪದ ಸಾಕಾಯಿತು. ಹತ್ತು ನಿಮಿಷದಲ್ಲಿ ಮುದ್ರಣಾಲಯದ ಏಳು ಜನ ಕಾರಿನ ಕೆಳಗಿದ್ದರು. ಶಾಯಿ ಕಲಸುವ ತಟ್ಟೆಗಳನ್ನು ಸಾಲಾಗಿ ಇಟ್ಟು, ಉಸಿರು ಬಿಗಿಹಿಡಿದು ಕಾದರು. ಕೊನೆಗೆ ಒಂದು ತಟ್ಟೆಯಲ್ಲಿ ಟಪ್ಪೆಂದು ಒಂದು ಹನಿ ಬಿತ್ತು. ಎಲ್ಲರೂ ಒಮ್ಮೆಲೇ ಎದ್ದು ತಲೆ ಬಡಿದುಕೊಂಡರು. ಅಕ್ಕ ಬೆರಳದ್ದಿ ಮೂಸಿದರು.

“ನೀರು ಕಣ್ರೋ. ಎ.ಸಿ. ನೀರು.”

“ನೀರಾದ್ರೂ ಸೋರಿಕೆ ಸೋರಿಕೇನೇ,” ಎಂದು ಮಷೀನ್‌ಮ್ಯಾನ್ ಸೋಲೊಪ್ಪದೆ ಬಾನೆಟ್ ಎತ್ತಿದ. ಒಳಗೆ ಸಿಕ್ಕಿದ ಒಂದು ಸಣ್ಣ ರಬ್ಬರ್ ಪೈಪು ಕಿತ್ತು, ಊದಿ, ಬೆಳಕಿಗೆ ಹಿಡಿದ. ಅಷ್ಟರಲ್ಲಿ ಒಳಗಿನಿಂದ ಮ್ಯಾನೇಜರ್ ಕೆಮ್ಮಿದ ಸದ್ದು ಬಂತು. ಏಳು ಜನ ಏಳು ದಿಕ್ಕಿಗೆ ಹೋದರು. ಮಷೀನ್‌ಮ್ಯಾನ್ ಹೋಗುವ ಮುಂಚೆ ಫೋನಿನಲ್ಲಿ ಏನನ್ನೋ ಒತ್ತಿದ. ಹಳದಿ ದೀಪ ಆರಿತು.

“ವಾಸಿಯಾಯ್ತು. ಕೋಡ್ ಅಳಿಸಿಬಿಟ್ಟೆ.”

ಅಲ್ಪವಿರಾಮನಿಗೆ ಕರಡಿನ ಮೇಲಿನ ಕೆಂಪು ಗುರುತು ಉಜ್ಜಿ ತೆಗೆದರೆ ಪುಟದೊಳಗಿನ ತಪ್ಪು ಹೋಗುತ್ತದೆಯೇ ಎಂದು ಕೇಳಬೇಕೆನಿಸಿತು. ಆ ಪೈಪು ವಾಪಸ್ ಹಾಕಿದೆಯಾ ಎಂದೂ ಕೇಳಬೇಕೆನಿಸಿತು. ಎರಡರಲ್ಲಿ ಯಾವುದನ್ನು ಮೊದಲು ಕೇಳುವುದೆಂದು ಯೋಚಿಸುತ್ತ ನಿಂತ. ಅಷ್ಟರಲ್ಲಿ ಮಷೀನ್ ಶುರುವಾಯಿತು, ಅದರ ಸದ್ದಿನಲ್ಲಿ ಯಾರು ಕೇಳಿದರೂ ಯಾರಿಗೂ ಕೇಳುತ್ತಿರಲಿಲ್ಲ.

ಒಂದೂವರೆಗೆ, ಮನೆಯ ಕಪಾಟಿಗೆ ಹಾಸಲು ಹೆಂಡತಿ ಕೇಳಿದ್ದ ಹಳೇ ಕರಡು ಹಾಳೆಗಳ ಎರಡು ಕಟ್ಟನ್ನು ಹಿಂದೆ ಸೀಟಿದ್ದ ಜಾಗದಲ್ಲಿಟ್ಟುಕೊಂಡು ಹೊರಟ. ಮೊದಲ ತಿರುವಿನಲ್ಲೇ ಕಾರು ಚಳಿಜ್ವರ ಬಂದವರ ಹಾಗೆ ನಡುಗಿತು. ಎರಡನೆಯ ತಿರುವಿನಲ್ಲಿ ಹಳದಿ ದೀಪ ವಾಪಸ್ ಬಂತು. ಈ ಸಲ ಸುಮ್ಮನೆ ನೋಡದೆ ಕಣ್ಣು ಹೊಡೆಯುತ್ತಿತ್ತು. ನಾಲ್ಕು ರಸ್ತೆ ಸೇರುವಲ್ಲಿ, ನಾಲ್ಕೂ ಕಡೆಯವರಿಗೆ ಸಮಾನ ತೊಂದರೆಯಾಗುವಂತೆ ಸರಿಯಾಗಿ ನಡುವೆ ಇಂಜಿನ್ ನಿಂತಿತು. ಮಾವ ನೋಡಿದ್ದರೆ ಆ ಅಳತೆಯನ್ನು ಮೆಚ್ಚುತ್ತಿದ್ದರು.

ಹಿಂದಿನ ಬಸ್ಸಿನವರು ಅವನ ವಂಶದ ಬಗ್ಗೆ ತಮಗೆ ತೋಚಿದ ವಿವರಗಳನ್ನು ಕೊಟ್ಟರು. ಕೊನೆಗೆ ನಾಲ್ಕು ಜನ ಇಳಿದು ಕಾರನ್ನು ಎದುರಿನ ಗ್ಯಾರೇಜಿನೊಳಗೆ ತಳ್ಳಿ ಬಿಟ್ಟರು.

ಮೆಕ್ಯಾನಿಕ್ ಐವತ್ತರ ಆಸುಪಾಸಿನವನು, ಹೆಚ್ಚು ಮಾತಿನವನಲ್ಲ. ಅಲ್ಪವಿರಾಮನಿಗೆ ಪರದೇಶದಲ್ಲಿ ಬಂಧುವನ್ನು ಕಂಡಂತಾಯಿತು. ಬಾನೆಟ್ ಎತ್ತಿ ನೋಡಿ ಮೆಕ್ಯಾನಿಕ್ ಕೇಳಿದ, “ಈ ಪೈಪು ಬಿಚ್ಚಿದ್ದು ಯಾರು?”

“ಸ್ನೇಹಿತರು.”

“ಹಿಂದಿನ ಸೀಟು?”

“ನೆರೆಯವರು.”

“ಒಳ್ಳೇ ಜನರ ಮಧ್ಯೆ ಇದೀರಿ.” ಪೈಪು ತನ್ನ ಜಾಗಕ್ಕೆ ಹೋಯಿತು, ಇಂಜಿನ್ ನಡುಕ ಬಿಟ್ಟಿತು. “ಇದಕ್ಕೂ ಮುಂಚೆ ದೀಪ ಬಂದಿತ್ತಾ? ಕೋಡ್ ಏನಿತ್ತು?”

ಅಂಕಿ ಮರೆಯುವುದು ಅವನ ಕಸುಬಿನಲ್ಲಿಲ್ಲ. “ಪಿ ಸೊನ್ನೆ ನಾಲ್ಕು ಐದು ಐದು.”

ಮೆಕ್ಯಾನಿಕ್ ಇಂಜಿನ್ ಕಡೆ ನೋಡಲೇ ಇಲ್ಲ. ನೇರವಾಗಿ ಕಾರಿನ ಹಿಂಬದಿಗೆ ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದ. ಬೆಳಿಗ್ಗೆ ಅಕ್ಕ ಓದಲು ಹೊರಟಿದ್ದ ಮೊದಲನೆಯ ಕಾರಣ ಅದಾಗಿತ್ತು.

“ಇದರ ರಬ್ಬರ್ ಸತ್ತು ಯಾವ ಕಾಲ ಆಯ್ತೋ. ಆವಿ ಇಲ್ಲಿಂದ ಹೋಗ್ತಿದೆ, ಅದಕ್ಕೇ ದೀಪ. ದಿನಾ ತೆಗೀತೀರಾ ಇದನ್ನ?”

“ವಾರಕ್ಕೊಂದು ಸಲ, ಅಷ್ಟೆ. ಮೈಲೇಜೂ ಇದರಿಂದಲೇ ಹೋಗಿದ್ದಾ?”

“ಇಲ್ಲ. ಇದರಿಂದ ಬರೋದು ದೀಪ ಮಾತ್ರ. ಮೈಲೇಜಿಗೆ ಏನಾಯ್ತು?”

“ಒಂಬತ್ತು ಬರ್ತಿದೆ.”

“ಹೌದು.”

“ಹೌದು ಅಂದ್ರೆ?”

“ಒಂಬತ್ತೇ ಬರೋದು. ಇದೇ ಇಂಜಿನ್ನಿನ ಇನ್ನೂ ಮೂರು ಗಾಡಿ ನನ್ನ ಹತ್ತಿರ ಬರ್ತವೆ. ಹತ್ತು ಕೊಟ್ಟ ದಿನ ಅವುಗಳ ಮಾಲೀಕರು ನನಗೆ ಸ್ವೀಟ್ ತಂದುಕೊಡ್ತಾರೆ.”

“ನಮ್ಮ ಮಾವನಿಗೆ ಹದಿನೆಂಟು ಕೊಡ್ತಿತ್ತು. ಹನ್ನೊಂದು ವರ್ಷ.”

ಮೆಕ್ಯಾನಿಕ್ ಕೈ ಒರೆಸಿಕೊಂಡ. “ನಿಮ್ಮ ಮಾವ ಎಲ್ಲಿಗೆ ಹೋದ್ರೂ ಇಳಿಜಾರಲ್ಲೇ ಹೋಗ್ತಿದ್ರಾ?” ಎಂದ. ಆಮೇಲೆ ಟಾರ್ಚು ಹಾಕಿ ಟ್ಯಾಂಕಿನ ಬಾಯಿ ತೋರಿಸಿದ. “ಈ ಗೀರುಗಳು ನೋಡಿ. ಬಂಕಿನ ನಳಿಕೆ ಹೀಗೆ ಗೀರಲ್ಲ. ಇದು ತಗಡಿನ ಲಾಳಿಕೆ, ಮನೇಲಿ ಎಣ್ಣೆ ಬಗ್ಗಿಸ್ತಾರಲ್ಲ, ಅಂಥದ್ದು. ಯಾರೋ ಡಬ್ಬದಿಂದ ಪೆಟ್ರೋಲ್ ಹಾಕಿದಾರೆ. ಒಂದೆರಡು ಸಲ ಅಲ್ಲ. ವರ್ಷಗಟ್ಟಲೆ.”

ಅಲ್ಪವಿರಾಮ ಹಳೆಯ ಮುಚ್ಚಳವನ್ನು ಕೈಯಲ್ಲಿ ಹಿಡಿದು ನಿಂತ. ಹದಿನಾಲ್ಕು ವರ್ಷದ ಅಭ್ಯಾಸಕ್ಕೆ ತಪ್ಪು ತಾನಾಗಿ ಕಣ್ಣಿಗೆ ಹೊಡೆಯಿತು. ಪುಸ್ತಕಕ್ಕೆ ಸೇರದ ಪೆಟ್ರೋಲ್. ಬಂಕಿನಲ್ಲಿ ಹಾಕಿಸಿದ್ದನ್ನು ಮಾತ್ರ ಬರೆದು, ಡಬ್ಬದಿಂದ ಸುರಿದದ್ದನ್ನು ಬರೆಯದೆ ಬಿಟ್ಟರೆ ಒಂಬತ್ತು ಕೊಡುವ ಕಾರು ಹದಿನೆಂಟು ಕೊಡುತ್ತದೆ, ಇಪ್ಪತ್ತೂ ಕೊಡುತ್ತದೆ. ಮೂವತ್ತು ವರ್ಷ ಅಂಗಡಿಯವರ ಸುಳ್ಳು ತೂಕ ಹಿಡಿದ ಮನುಷ್ಯ ಹನ್ನೊಂದು ವರ್ಷ ಸ್ವಂತ ಪುಸ್ತಕಕ್ಕೆ ಸುಳ್ಳು ತೂಗಿದ್ದರು.

ಅವನಿಗೆ ಇಷ್ಟು ಸಂತೋಷ ಆದದ್ದು ಮದುವೆಯಾದ ಮೇಲೆ ಇದೇ ಮೊದಲು.

ಹೊಸ ಮುಚ್ಚಳ ಬಿತ್ತು, ದೀಪ ಆರಿತು. ಬಸ್ ನಿಲ್ದಾಣಕ್ಕೆ ಹೋಗುವ ದಾರಿಯುದ್ದಕ್ಕೂ ಅವನು ಒಂದು ವಾಕ್ಯವನ್ನು ತಿದ್ದಿದ. ಮೊದಲು ಅದು ಹನ್ನೆರಡು ಪದಗಳದ್ದಾಗಿತ್ತು. ‘ಗೌರವಪೂರ್ವಕವಾಗಿ’ ಹೊಡೆದುಹಾಕಿದ. ‘ತಪ್ಪು ತಿಳಿಯಬೇಡಿ’ ಹೊಡೆದುಹಾಕಿದ. ಕೊನೆಗೆ ಉಳಿದದ್ದು: ‘ಮಾವನವರೇ, ನಿಮ್ಮ ತಕ್ಕಡಿಗೆ ಮುದ್ರೆ ಹಾಕಿದವರು ಯಾರು?’ ಕನ್ನಡಿಯಲ್ಲಿ ನೋಡಿಕೊಂಡು ಎರಡು ಸಲ ಹೇಳಿದ. ಎಲ್ಲಿಯೂ ನಿಲ್ಲಲಿಲ್ಲ. ಅಷ್ಟು ಒಳ್ಳೆಯ ವಾಕ್ಯ ಅವನ ಕೈಯಿಂದ ಅಚ್ಚಿಗೆ ಹೋದದ್ದಿಲ್ಲ.

ಐದಕ್ಕೆ ಬಸ್ಸು ಬಂತು. ಮೊದಲು ಒಂದು ದೊಡ್ಡ ಸೂಟ್‌ಕೇಸ್ ಇಳಿಯಿತು, ಆಮೇಲೆ ಮಾವ. ಒಂದು ಸಂಜೆಯ ತಪಾಸಣೆಗೆ ಇಷ್ಟು ದೊಡ್ಡ ಸೂಟ್‌ಕೇಸ್ ಯಾಕೆಂದು ಅವನಿಗೆ ಅನಿಸಿತು, ಆದರೆ ಮನಸ್ಸಿನಲ್ಲಿ ವಾಕ್ಯವಿದ್ದುದರಿಂದ ಬೇರೆಯದಕ್ಕೆ ಜಾಗವಿರಲಿಲ್ಲ. ಕೊನೆಗೆ ಅತ್ತೆ ಕಂಬಿ ಹಿಡಿದು, ‘ಮಂಡಿ, ಮಂಡಿ’ ಎನ್ನುತ್ತ ಒಂದೊಂದೇ ಮೆಟ್ಟಿಲು ಇಳಿದರು. ಅವರ ಕೈಯಲ್ಲಿ ಬರೀ ಒಂದು ಬಟ್ಟೆ ಚೀಲ.

ಮಾವ ಕಾರಿನ ಹಿಂದಿನ ಬಾಗಿಲು ತೆರೆದರು. “ಸೀಟೆಲ್ಲಿ ಅಳಿಯಂದಿರೇ?”

“ತೂಕ ಕಡಿಮೆ ಆಗಲಿ ಅಂತ…”

ಮಾವ ಅವನನ್ನು ಮೇಲಿನಿಂದ ಕೆಳಗೆ ನೋಡಿದರು. ಅವರ ಮುಖದಲ್ಲಿ ಮೆಚ್ಚುಗೆಯ ಹಾಗೆ ಏನೋ ಒಂದು ಸುಳಿದು, ಜಾಗ ತಪ್ಪಿ ಬಂದೆನೆಂದು ಗೊತ್ತಾದಂತೆ ಮರೆಯಾಯಿತು. “ಕೀ ಕೊಡಿ. ನಾನು ನಡೆಸಿ ನೋಡ್ತೀನಿ. ಸೂಟ್‌ಕೇಸ್ ಮುಂದಿನ ಸೀಟಲ್ಲಿಡಿ, ಅದರಲ್ಲಿ ಹಳೇ ಪುಸ್ತಕಗಳಿವೆ, ನೆಲದ ಮೇಲಿಡೋ ವಸ್ತು ಅಲ್ಲ.”

ನೆಲದ ಮೇಲಿಡಬಹುದಾದ ವಸ್ತುಗಳು ಹಿಂದೆ ಕೂತವು. ಅತ್ತೆಗೊಂದು, ಅಳಿಯನಿಗೊಂದು ಕರಡು ಹಾಳೆಯ ಕಟ್ಟು. ಕಾರು ಹೊರಟಿತು.

“ಇಂಜಿನ್ ಅಳ್ತಾ ಇದೆ,” ಎಂದು ಮಾವ ಮುಂದಿನಿಂದ ಶುರುಮಾಡಿದರು. “ಕೇಳಿಸ್ತಾ? ಆರು ವಾರ ನೀವು ಇದರ ಮೇಲೆ ಮಾಡಿರೋ ದೌರ್ಜನ್ಯ ಕೇಳಿಸ್ತಾ?”

ಅಲ್ಪವಿರಾಮ ಜೇಬಿನಿಂದ ಮುಚ್ಚಳ ತೆಗೆದು ಅಂಗೈಯಲ್ಲಿಟ್ಟುಕೊಂಡ. ವಾಕ್ಯಕ್ಕೆ ಸಾಕ್ಷಿ ಬೇಕಲ್ಲ. ಬಾಯಿ ತೆರೆದ.

ಅತ್ತೆಯ ಕೈ ಬಂದು ಅವನ ಅಂಗೈಯನ್ನು ಮುಚ್ಚಿತು.

“ಇದು ನಮ್ಮ ಗಾಡೀದಲ್ವಾ?” ಎಂದು ಪಿಸುಗುಟ್ಟಿದರು.

“ಹೌದು ಅತ್ತೆ. ಮಾವನವರು ಇಷ್ಟು ವರ್ಷ ಡಬ್ಬದಿಂದ…”

“ಅವರಿಗೇನೂ ಗೊತ್ತಿಲ್ಲ. ಹಾಕ್ತಿದ್ದಿದ್ದು ನಾನು.”

ಮುಂದಿನಿಂದ ಮಾವ, “ಪಾದ ಇಡೋದರಲ್ಲಿ ಇದೆ ಎಲ್ಲಾ! ಹೂವಿನ ಮೇಲೆ ಇಟ್ಟ ಹಾಗೆ ಇಡಬೇಕು,” ಎಂದರು.

“ಗಾಡಿ ಬಂದ ಮೊದಲನೇ ತಿಂಗಳು ಒಂಬತ್ತು ಬಂತು,” ಎಂದು ಅತ್ತೆ ಪಿಸುಮಾತಿನಲ್ಲೇ ಹೇಳಿದರು. “ಬಂಕಿನವನ ಮೇಲೆ ಜಗಳ ಆಡಿದ್ರು, ಗಾಡಿ ಮಾರಿದವನ ಮೇಲೆ ಆಡಿದ್ರು. ಅವರೆಲ್ಲ ಮುಗಿದ ಮೇಲೆ ಮನೆಯೊಳಗೆ ಅಳೆಯೋಕೆ ಶುರು ಮಾಡಿದ್ರು. ಸ್ನಾನದ ನೀರು ಅಳೆದ್ರು, ಸಕ್ಕರೆ ಅಳೆದ್ರು. ನಾನು ನಮ್ಮಕ್ಕನ ಜೊತೆ ಫೋನಲ್ಲಿ ಎಷ್ಟು ನಿಮಿಷ ಮಾತಾಡ್ತೀನಿ ಅಂತ ಗೋಡೆ ಮೇಲೆ ಚೀಟಿ ಅಂಟಿಸಿದ್ರು. ಒಂದು ದಿನ ಮಧ್ಯಾಹ್ನ ಅವರು ಮಲಗಿದ್ದಾಗ ಇಸ್ತ್ರಿ ಅಂಗಡಿಯವನ ಹತ್ತಿರ ಪೆಟ್ರೋಲ್ ತರಿಸಿ, ಎಣ್ಣೆ ಲಾಳಿಕೆ ಇಟ್ಟು ಒಂದು ಲೀಟರ್ ಹಾಕಿದೆ. ಆ ವಾರ ಹನ್ನೊಂದು ಬಂತು. ಊಟಕ್ಕೆ ಕೂತವರು ನಕ್ಕರು. ನಕ್ಕಿದ್ದು ನೋಡಿ ನನಗೇ ಭಯ ಆಯ್ತು. ಚೀಟಿ ಅವತ್ತೇ ಕಿತ್ತು ಹಾಕಿದ್ರು.”

“ವಾಸನೆ ಬರ್ತಿರಲಿಲ್ವಾ?”

“ಫಿನಾಯಿಲ್ ಡಬ್ಬದಲ್ಲಿ ಇಟ್ಟಿದ್ದೆ. ಅವರಿಗೆ ವರ್ಷಪೂರ್ತಿ ನೆಗಡಿ. ಮನೆ ಎಷ್ಟು ಚೊಕ್ಕ ಇಟ್ಟಿದಾಳೆ ಅಂತ ಬಂದವರ ಹತ್ತಿರ ಹೊಗಳೋರು.”

“ಹದಿನೆಂಟಕ್ಕೇ ಯಾಕೆ ನಿಲ್ಲಿಸಿದ್ರಿ ಅತ್ತೆ?”

“ಒಂದು ತಿಂಗಳು ಕೈ ಜಾಸ್ತಿಯಾಗಿ ಇಪ್ಪತ್ತು ಬಂತು. ಪತ್ರಿಕೆಗೆ ಬರೀತೀನಿ ಅಂತ ಕಾಗದ ತಗೊಂಡು ಕೂತ್ರು. ಹೆದರಿ ಇಳಿಸಿದೆ.”

ಮುಂದಿನಿಂದ ಮಾವ, “ಗೇರು ಬದಲಾಯಿಸಿದ್ದು ಗೊತ್ತಾಯ್ತಾ? ಗೊತ್ತಾಗಬಾರದು. ಅದೇ ಕಲೆ,” ಎಂದರು. ಕಾರು ಕುಪ್ಪಳಿಸಿ, ಹಿಂದಿನ ಇಬ್ಬರ ತಲೆಯೂ ಚಾವಣಿ ಮುಟ್ಟಿ ಬಂತು.

“ಈಗ ಮಂಡಿ ಬಿಡಲ್ಲ, ಡಬ್ಬ ಹಿಡಿದು ಮೆಟ್ಟಿಲು ಇಳಿಯೋಕಾಗಲ್ಲ. ಅದಕ್ಕೇ ನಿಮಗೆ ಕೊಡಿಸಿದೆ. ಮೊದಲೇ ಹೇಳಬೇಕಿತ್ತು. ನಿಮ್ಮ ಹತ್ತಿರ ಮಾತು ಶುರು ಮಾಡೋದು ಹೇಗೆ ಅಂತ ತಿಳೀಲಿಲ್ಲ.”

“ದೊಡ್ಡ ಅಳಿಯನಿಗೆ ಕೊಡಿಸಬಹುದಿತ್ತಲ್ಲ?”

“ಅವರು ಮಾತಾಡ್ತಾರೆ,” ಎಂದರು ಅತ್ತೆ.

ಅವನು ಕೈಯಲ್ಲಿದ್ದ ಮುಚ್ಚಳ ನೋಡಿದ. ಅತ್ತೆ ಮುಂದಿನ ಸೀಟಿನ ಕಡೆ ನೋಡುತ್ತಿದ್ದರು. ಅಲ್ಲಿ ಮಾವನ ನೆತ್ತಿಯ ಹಿಂಭಾಗ ಕಾಣುತ್ತಿತ್ತು. ಕೂದಲು ಉದುರಿ, ಎರಡು ಕಿವಿಯ ನಡುವೆ ಒಂದು ಬೋಳು ವೃತ್ತ.

“ರಿಟೈರಾದ ಮೇಲೆ ಯಾರೂ ಅವರ ಮಾತು ಕೇಳಿಲ್ಲ. ತಕ್ಕಡಿ ಇಲ್ಲ, ಮುದ್ರೆ ಇಲ್ಲ. ಆ ಹದಿನೆಂಟೊಂದೇ ಇರೋದು,” ಎಂದರು ಅತ್ತೆ. “ಹೇಳಬೇಡಿ.”

ಜಗಲಿಯಲ್ಲಿ, ಕಾರಿನ ಹಿಂದಿನ ಸೀಟಿನ ಮೇಲೆ ಪಶುವೈದ್ಯರು ಕಾಲು ಮೇಲೆ ಕಾಲು ಹಾಕಿಕೊಂಡು ಪತ್ರಿಕೆ ಓದುತ್ತಿದ್ದರು. ಮಾವ ಅವರ ಪಕ್ಕದಲ್ಲಿ ಕೂತು ಪುಸ್ತಕ ಬಿಡಿಸಿದರು. ಹೆಂಡತಿ ಟೀ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು. ಅವಳ ಕಣ್ಣು ಗಂಡನ ಬಾಯಿಯ ಮೇಲಿತ್ತು.

“ಒಂಬತ್ತು,” ಎಂದರು ಮಾವ. ಪುಟ ತಿರುಗಿಸಿದರು. “ಎಂಟೂ ಮುಕ್ಕಾಲು.” ಕನ್ನಡಕ ತೆಗೆದರು. “ನನ್ನ ಕೈಯಲ್ಲಿ ಹದಿನೆಂಟು ಕೊಟ್ಟ ಗಾಡಿ. ಇದಕ್ಕೆ ಏನು ಹೇಳ್ತೀರಿ?”

ಡಾಕ್ಟರು ಪತ್ರಿಕೆ ಕೆಳಗಿಟ್ಟರು. ಹೆಂಡತಿ ಮುಂದೆ ಬಾಗಿದಳು. ಅವನ ಬಳಿ ಜೀವಮಾನದ ಅತ್ಯುತ್ತಮ ವಾಕ್ಯವಿತ್ತು, ಒಂದು ಪದವೂ ಹೆಚ್ಚಿಲ್ಲದ್ದು. ಅತ್ತೆ ಟೀ ಲೋಟದೊಳಗೆ ಏನೋ ಕಳೆದುಹೋಗಿದೆಯೆಂಬಂತೆ ನೋಡುತ್ತಿದ್ದರು.

“ಮಾವನವರೇ,” ಎಂದ ಅವನು. ನಿಂತ. “ಟೀ ಆರುತ್ತೆ.”

ಹೆಂಡತಿ ನಿಟ್ಟುಸಿರು ಬಿಟ್ಟು ಗೋಡೆ ಕಡೆ ತಿರುಗಿದಳು.

ಮಾವ ಟೀ ಕುಡಿದರು. “ಗಾಡೀನ ದೊಡ್ಡವನಿಗೆ ಕೊಡಬೇಕು ಅಂತಲೇ ಇದ್ದೆ. ಇವಳು ಒಪ್ಪಲಿಲ್ಲ. ಕಲಿಸದೆ ಕಿತ್ತುಕೋಬಾರದು, ಹೋಗಿ ಜೊತೇಲಿದ್ದು ಕಲಿಸಿ ಅಂತ ನಿನ್ನೇನೇ ಸೂಟ್‌ಕೇಸ್ ಕಟ್ಟಿದಳು. ನನಗೆ ಅನುಮಾನ ಇತ್ತು. ನೀವು ಸೀಟು ಬಿಚ್ಚಿಟ್ಟಿದ್ದು ನೋಡಿದೆ ನೋಡಿ, ಅನುಮಾನ ಹೋಯ್ತು. ಶ್ರದ್ಧೆ ಇದೆ. ಬುದ್ಧಿ ನಾನು ಕೊಡ್ತೀನಿ. ಹದಿನೆಂಟು ಬರೋವರೆಗೆ ನಾನು ಇಲ್ಲೇ ಇರ್ತೀನಿ.”

“ಬಂದ ಮೇಲೆ?” ಎಂದ ಅಲ್ಪವಿರಾಮ. ಅವತ್ತು ಅವನು ಮಾವನನ್ನು ನಿಲ್ಲದೆ ಕೇಳಿದ ಪ್ರಶ್ನೆ ಇದೊಂದೇ.

“ಬಂದ ಮೇಲೆ ಬಿಟ್ಟು ಹೋಗೋಕಾಗುತ್ತಾ? ನಾನು ಹೋದ ತಕ್ಷಣ ಬಿದ್ದರೆ?”

ಅವನು ಲೆಕ್ಕ ಹಾಕಿದ. ಮಾವ ತಿಂಗಳಿಗೆ ಓಡಿಸುತ್ತಿದ್ದಷ್ಟನ್ನು ಅವನು ವಾರದಲ್ಲಿ ಓಡಿಸುತ್ತಾನೆ. ಹದಿನೆಂಟು ಬರಬೇಕಾದರೆ ದಿನಕ್ಕೊಂದು ಸಲವಾದರೂ ಡಬ್ಬ ಎತ್ತಬೇಕು. ಬರದಿದ್ದರೆ ಮಾವ ಬರುವವರೆಗೆ ಇರುತ್ತಾರೆ. ಬಂದರೆ, ಬಂದದ್ದಕ್ಕಾಗಿ ಇರುತ್ತಾರೆ.

“ನಾನು ಏಳರ ಬಸ್ಸಿಗೆ ಹೊರಡ್ತೀನಿ,” ಎಂದರು ಅತ್ತೆ. “ಮನೆ ಖಾಲಿ ಬಿಡೋಕಾಗಲ್ಲ.”

ಕಾರು ಬೇಡವೆಂದ ಅತ್ತೆಯ ಜೊತೆ ಅವನು ನಿಲ್ದಾಣದವರೆಗೆ ನಡೆದ. ಬಸ್ಸು ಬಂದಾಗ ಅತ್ತೆ ಬಟ್ಟೆ ಚೀಲವನ್ನು ಅವನ ಕೈಗೆ ಕೊಟ್ಟರು. ಒಳಗೆ ಖಾಲಿ ಫಿನಾಯಿಲ್ ಡಬ್ಬ, ಹಳೇ ಟವೆಲಿನಲ್ಲಿ ಸುತ್ತಿದ ತಗಡಿನ ಲಾಳಿಕೆ.

“ಒಂದೊಂದೇ ಲೀಟರ್ ಹಾಕಿ. ಒಟ್ಟಿಗೆ ಹಾಕಿದ್ರೆ ಪೆಟ್ರೋಲ್ ಮುಳ್ಳು ಮೇಲೆ ಹಾರುತ್ತೆ, ಗೊತ್ತಾಗಿಬಿಡುತ್ತೆ.”

ಹಾಗೆಂದವರು ಬಸ್ಸಿನ ಮೂರು ಮೆಟ್ಟಿಲನ್ನು ಕಂಬಿ ಮುಟ್ಟದೆ, ಸ್ಕೂಲು ಬಿಟ್ಟ ಹುಡುಗಿಯ ಹಾಗೆ ದಡದಡನೆ ಹತ್ತಿದರು. ಕಿಟಕಿ ಪಕ್ಕ ಕೂತು, ಬಸ್ಸು ಹೊರಡುವ ಮೊದಲೇ ಫೋನು ಕಿವಿಗಿಟ್ಟು ತಮ್ಮ ಅಕ್ಕನ ಜೊತೆ ಮಾತು ಶುರುಮಾಡಿದ್ದರು. ಎಷ್ಟು ನಿಮಿಷವೆಂದು ಬರೆದಿಡುವವರು ಯಾರೂ ಇರಲಿಲ್ಲ.

ವಾಪಸ್ ಬಂದಾಗ ಮಾವ ಬಚ್ಚಲುಮನೆಯಲ್ಲಿದ್ದರು. ಬಕೆಟ್ಟಿಗೆ ಚೊಂಬಿನಿಂದ ನೀರು ಸುರಿಯುತ್ತ ಗಟ್ಟಿಯಾಗಿ ಎಣಿಸುತ್ತಿದ್ದರು. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಎಣಿಕೆ ಕೇಳುತ್ತಿದ್ದಳು.

“ಕಾರು ಉಳೀತು,” ಎಂದಳು ಅವಳು. “ಆದ್ರೆ ಇದೇನ್ರೀ ಇದು? ನಿಜವಾಗ್ಲೂ ಆ ಗಾಡಿಗೆ ಏನಾಗಿದೆ? ಮೆಕ್ಯಾನಿಕ್ ಏನಂದ? ಅಪ್ಪನಿಗೆ ಹೇಳೋಕೆ ನಿಮ್ಮ ಹತ್ತಿರ ಏನೂ ಇರಲಿಲ್ವಾ?”

ಅವನು ಬಟ್ಟೆ ಚೀಲವನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ.

ಆ ಕಾರು ಲೀಟರಿಗೆ ಒಂಬತ್ತು ಕಿಲೋಮೀಟರ್ ಓಡುತ್ತದೆ, ಮೊದಲ ದಿನದಿಂದಲೂ ಅಷ್ಟೇ ಓಡಿದೆ ಎಂದು ಅವನು ಹೆಂಡತಿಗೆ ಹೇಳಲಿಲ್ಲ, ಮಾವನಿಗೂ ಹೇಳಲಿಲ್ಲ, ಎಂದೂ ಯಾರಿಗೂ ಹೇಳಲಿಲ್ಲ.